ಯಾವ ಕಡೆಗೆ ತಲೆ

ಶವಪೆಟ್ಟಿಗೆಯನ್ನು ಮೂರನೆಯ ಸಲ ತಿರುಗಿಸುತ್ತಿದ್ದರು. ಮುಂದಿನ ಕೋಣೆ ಅಷ್ಟೇನೂ ದೊಡ್ಡದಲ್ಲ, ತಿರುಗಿಸುವಾಗ ಪೆಟ್ಟಿಗೆಯ ಮೂಲೆ ಬಾಗಿಲಿಗೆ ತಗುಲಿ ಒಂದಿಷ್ಟು ಬಣ್ಣ ಕಿತ್ತುಬಂತು. ಹಿಡಿದವರಿಗಿಂತ ಹಿಡಿಯದೆ ನಿಂತವರೇ ನಿಧಾನ, ನಿಧಾನ ಎಂದು ಹೆಚ್ಚು ಹೇಳುತ್ತಿದ್ದರು. ಒಳಗೆ ಮಲಗಿದ್ದವನ ತಲೆ ಪ್ರತಿ ಸಲವೂ ಚೂರು ಪಕ್ಕಕ್ಕೆ ವಾಲುತ್ತಿತ್ತು. ಹೆಂಡತಿ ಬಗ್ಗಿ ಅದನ್ನು ನೆಟ್ಟಗೆ ಮಾಡಿ, ಅಂಗಿಯ ಕಾಲರ್ ಸರಿಪಡಿಸಿ, ಮತ್ತೆ ಗೋಡೆಗೆ ಒರಗಿ ನಿಲ್ಲುತ್ತಿದ್ದಳು.

ಸತ್ತವನನ್ನು ಊರೆಲ್ಲ ಫ್ರೇಮ್ ಮಾವ ಎನ್ನುತ್ತಿತ್ತು. ಚಿತ್ರಗಳಿಗೆ ಗಾಜು ಕೂರಿಸಿ ಚೌಕಟ್ಟು ಹಾಕಿಕೊಡುವ ಅಂಗಡಿ ಅವನದು. ಈಗಿನ ತಕರಾರಿಗೆ ಕಾರಣವೂ ಅವನೇ ಮನೆಯಲ್ಲಿ ನೇತುಹಾಕಿದ್ದ ಚೌಕಟ್ಟುಗಳು. ಹೆಂಡತಿ ಕ್ಯಾಥೊಲಿಕ್, ಅವನು ಪ್ರೊಟೆಸ್ಟಂಟ್. ಎಡಗೋಡೆಯ ತುಂಬ ಅವಳ ಮಾತೆ ಮರಿಯಮ್ಮ, ಅವಳ ಸಂತರು. ಬಲಗೋಡೆಯ ತುಂಬ ಅವನ ಬೈಬಲ್ ವಚನಗಳು. ಚಿತ್ರವೆಂಬುದೇ ಇಲ್ಲ, ಬರೀ ಅಕ್ಷರ, ಸುತ್ತಲೂ ಒಂದು ಸಣ್ಣ ಬಳ್ಳಿ. ಬಂದವರು ಪೆಟ್ಟಿಗೆಯ ಕಾಲಬುಡದಲ್ಲಿ ನಿಂತು ತಲೆ ಬಾಗಿಸುತ್ತಾರೆ. ಸತ್ತವನ ತಲೆ ಯಾವ ಗೋಡೆಯ ಕಡೆಗಿದೆಯೋ ಬಾಗಿದ್ದೆಲ್ಲ ಆ ಗೋಡೆಗೆ ಬಾಗಿದಂತೆ ಆಗಿಬಿಡುತ್ತದಲ್ಲ, ಅದು ಸಮಸ್ಯೆ.

"ಗೊಂಬೆಗಳಿಗೆ ತಲೆ ಬಾಗಿಸೋಕೆ ನಮ್ಮ ಸಭೆಯವರು ಇಲ್ಲಿಗೆ ಬರಲ್ಲ," ಎಂದಳು ಸತ್ತವನ ಅಕ್ಕ. ಮಕ್ಕಳಿಗೆ ಪಾಠ ಹೇಳಿ ಹೇಳಿ ನಿವೃತ್ತಳಾದವಳು, ಎಲ್ಲರಿಗೂ ಟೀಚರಕ್ಕ.

"ಗೋಡೆ ಮೇಲೆ ಬರೆದ ಪಾಠಕ್ಕೆ ತಲೆ ಬಾಗಿಸೋಕೆ ಇದೇನು ನಿಮ್ಮ ಶಾಲೆನಾ?" ಎಂದ ಹೆಂಡತಿಯ ಅಣ್ಣ. ಪೇಟೆಯ ತಿರುವಿನಲ್ಲಿ ಬೇಕರಿ ಇಟ್ಟವನು. ಬೆಳಗಿನ ಒಲೆ ಆರಿಸದೆ ಓಡಿಬಂದಿದ್ದ, ತೋಳಿನ ಕೂದಲಲ್ಲಿ ಇನ್ನೂ ಹಿಟ್ಟಿತ್ತು.

ಮಗಳು ಅಡುಗೆಮನೆಯಿಂದ ಬಂದಳು. ಬಸ್ ಡಿಪೋದಲ್ಲಿ ಯಾವ ಚಾಲಕ ಯಾವ ಬಸ್ಸಿಗೆ ಎಂದು ಹಂಚಿಕೊಡುವ ಕೆಲಸ ಅವಳದು, ದಿನಬೆಳಗಾದರೆ ಇಂಥ ಜಗಳ ಬಿಡಿಸಿ ಅಭ್ಯಾಸ. ಬಾಗಿಲ ಎದುರಿನ ಗೋಡೆ ಖಾಲಿ ಇದೆ, ಆ ಕಡೆ ತಲೆ ಮಾಡಿ, ಇನ್ನು ಪೆಟ್ಟಿಗೆ ಮುಟ್ಟುವವರು ನನ್ನನ್ನು ಕೇಳಿ ಮುಟ್ಟಿ ಎಂದು ಹೇಳಿ ತಾನೇ ಒಂದು ಮೂಲೆ ಎತ್ತಿದಳು. ಟೀಚರಕ್ಕನೂ ಬೇಕರಿ ಅಣ್ಣನೂ ಒಬ್ಬರಿಗೆ ಸಿಗದ್ದು ಇನ್ನೊಬ್ಬರಿಗೂ ಸಿಗಲಿಲ್ಲವಲ್ಲ ಎಂಬ ಸಮಾಧಾನದಲ್ಲಿ ಸುಮ್ಮನಾದರು.

ಹೆಂಡತಿ ಬಟ್ಟೆ ಬದಲಾಯಿಸಲು ಒಳಗೆ ಹೋದಳು. ಹಿಂದಿರುಗಿ ಬಂದಾಗ ಕೋಣೆಗೆ ಏನೋ ಆಗಿತ್ತು. ಒಂದು ಗಳಿಗೆ ಏನೆಂದು ಗೊತ್ತಾಗಲಿಲ್ಲ, ಆಮೇಲೆ ಕಂಡಿತು. ಎಡಗೋಡೆಯ ಸಂತರೆಲ್ಲ ಗೋಡೆಗೆ ಮುಖ ಮಾಡಿದ್ದರು. ಬಲಗೋಡೆಯ ವಚನಗಳೂ ಗೋಡೆಗೆ ಮುಖ ಮಾಡಿದ್ದವು. ಯಾರ ಕಡೆಯವರು ಮೊದಲು ಶುರುಮಾಡಿದರು, ಯಾರು ಸೇಡು ತೀರಿಸಿಕೊಂಡರು ಎಂದು ಕೇಳುವ ಅಗತ್ಯವೇ ಇರಲಿಲ್ಲ. ಎರಡೂ ಗೋಡೆಗಳ ತುಂಬ ಈಗ ಕಂದು ಕಾಗದದ ಬೆನ್ನುಗಳು, ಅಂಟುಪಟ್ಟಿ, ಸಣ್ಣ ಮೊಳೆಗಳು, ಗಂಟು ಹಾಕಿದ ತಂತಿ. ಎಲ್ಲವೂ ಅವನ ಕೈಯದು. ಅವಳಿಗೆ ಅಷ್ಟು ದುಃಖದಲ್ಲೂ ನಗು ಬಂತು, ನಗು ಬಂದದ್ದಕ್ಕೆ ಅಳು ಬಂತು.

\*

ಅಂಗಡಿಯಲ್ಲಿ ಅವನು ಮಾಡುತ್ತಿದ್ದದ್ದು ಇದನ್ನೇ. ಎರಡು ಚರ್ಚಿನವರೂ ಚೌಕಟ್ಟು ಹಾಕಿಸಲು ಅವನ ಹತ್ತಿರವೇ ಬರಬೇಕು, ಊರಲ್ಲಿ ಬೇರೆ ಅಂಗಡಿ ಇಲ್ಲ. ಆದರೆ ತಮ್ಮ ವಚನ ಇನ್ನೊಬ್ಬರ ಸಂತನ ಪಕ್ಕದಲ್ಲಿ ಒಣಗುವುದನ್ನು ನೋಡಲು ಅವರಿಗಾಗದು, ತಮ್ಮ ಮಾತೆ ಬರೀ ಅಕ್ಷರಗಳ ನಡುವೆ ಒಬ್ಬಳೇ ನಿಂತಿರುವುದನ್ನು ಇವರಿಗೆ ಸಹಿಸಲಾಗದು. ಬಾಗಿಲಲ್ಲಿ ಯಾರ ನೆರಳು ಬಿತ್ತು ನೋಡಿಕೊಂಡು ಅವನು ಸರಸರ ಇನ್ನೊಂದು ಕಡೆಯ ಚೌಕಟ್ಟುಗಳನ್ನು ಬೆನ್ನು ಮಾಡಿ ತಿರುಗಿಸುತ್ತಿದ್ದ. ಒಮ್ಮೆ ಟೀಚರಕ್ಕನೂ ಬೇಕರಿ ಅಣ್ಣನೂ ಒಟ್ಟಿಗೇ ಮೆಟ್ಟಿಲು ಹತ್ತಿದರು. ದಿಕ್ಕು ತೋಚದೆ ಅಂಗಡಿಯಲ್ಲಿದ್ದದ್ದನ್ನೆಲ್ಲ ತಿರುಗಿಸಿಬಿಟ್ಟ. ಇಬ್ಬರೂ ಒಳಗೆ ಬಂದು ನೋಡುತ್ತಾರೆ, ಸುತ್ತಲೂ ಕಂದು ಕಾಗದ, ನಡುವೆ ಸುತ್ತಿಗೆ ಹಿಡಿದ ಇವನು. ವ್ಯಾಪಾರ ಮುಚ್ಚುತ್ತಿದ್ದೀಯಾ ಎಂದು ಅಕ್ಕ ಕೇಳಿದಳಂತೆ. ಇಲ್ಲ, ಇವತ್ತು ಇವರಿಗೆಲ್ಲ ರಜ ಎಂದನಂತೆ.

ಅವರ ಮದುವೆ ಎರಡು ಚರ್ಚಿನಲ್ಲೂ ಆಗಲಿಲ್ಲ. ಇತ್ತ ಬಾ ಎಂದು ಇವರು, ಅತ್ತ ಬಾ ಎಂದು ಅವರು. ಕೊನೆಗೆ ನೋಂದಣಿ ಕಚೇರಿಯಲ್ಲಿ ಬೆಂಚಿನ ಮೇಲೆ ಕಾದು ಕೂತು ಸಹಿ ಹಾಕಿ ಬಂದರು. ಅಣ್ಣ ಮೂರು ವರ್ಷ ತಂಗಿಗೆ ಬೇಕರಿಯ ಮುಂದಿನ ದಾರಿ ಬಂದ್ ಮಾಡಿದ. ಟೀಚರಕ್ಕ ಕಚೇರಿಯ ತನಕ ಬಂದು ಒಳಗೆ ಬರದೆ ರಸ್ತೆಯಲ್ಲೇ ಛತ್ರಿ ಹಿಡಿದು ನಿಂತಿದ್ದಳು. ಮಗಳು ಹುಟ್ಟಿದ ಮೇಲೆ ಮಾತು ಶುರುವಾಯಿತು, ಕೂಡಲೇ ಜಗಳವೂ ಶುರುವಾಯಿತು. ಒಂದು ಭಾನುವಾರ ಅಮ್ಮನ ಚರ್ಚಿಗೆ, ಇನ್ನೊಂದು ಭಾನುವಾರ ಅಪ್ಪನ ಚರ್ಚಿಗೆ ಹೋಗಿ ಬೆಳೆದ ಮಗು ದೊಡ್ಡವಳಾದ ಮೇಲೆ ಭಾನುವಾರ ಮಲಗುವುದನ್ನು ರೂಢಿಸಿಕೊಂಡಿತು.

ಗಂಡ ಹೆಂಡತಿ ಮಾತ್ರ ತಮ್ಮ ತಮ್ಮ ಗೋಡೆ ಬಿಡಲಿಲ್ಲ, ಇನ್ನೊಬ್ಬರ ಗೋಡೆಗೆ ಕೈಯನ್ನೂ ಹಚ್ಚಲಿಲ್ಲ. ರಾತ್ರಿ ಮಲಗುವ ಮುಂಚೆ ಇಬ್ಬರೂ ಒಟ್ಟಿಗೆ ಕೂತು ಪರಲೋಕದ ತಂದೆಯ ಪ್ರಾರ್ಥನೆ ಹೇಳುತ್ತಿದ್ದರು, ಅದಂತೂ ಎರಡು ಕಡೆಯವರಿಗೂ ಒಂದೇ. ಒಂದೇ ಅಂದುಕೊಂಡಿದ್ದರು ಅಷ್ಟೆ. ಮೊದಲನೆಯ ರಾತ್ರಿ ಕೇಡಿನಿಂದ ಕಾಪಾಡು ಎಂಬಲ್ಲಿಗೆ ಬಂದು ಅವಳು ಆಮೆನ್ ಎಂದು ಕಣ್ಣು ಬಿಟ್ಟಳು. ಅವನು ಇನ್ನೂ ಕಣ್ಣು ಮುಚ್ಚಿಕೊಂಡು ಮುಂದೆ ಹೋಗುತ್ತಿದ್ದ: ರಾಜ್ಯವೂ ಬಲವೂ ಮಹಿಮೆಯೂ ಎಂದೆಂದಿಗೂ ನಿನ್ನದೇ ಎಂದು. ಆ ಕೊನೆಯ ಸಾಲು ಅವಳ ಕಡೆಯವರು ಮನೆಯಲ್ಲಿ ಹೇಳುವ ಪ್ರಾರ್ಥನೆಯಲ್ಲಿ ಇಲ್ಲ, ಅವನ ಕಡೆಯವರಿಗೆ ಅದಿಲ್ಲದೆ ಪ್ರಾರ್ಥನೆ ಮುಗಿಯುವುದೇ ಇಲ್ಲ. ಮುಗಿದ ಮೇಲೂ ಎಳೆಯೋದು ನಿಮ್ಮ ಮನೆತನದ ಚಾಳಿ ಎಂದು ಅವಳು ರೇಗಿಸಿದಳು. ಅರ್ಧಕ್ಕೇ ಎದ್ದು ಹೋಗೋದು ನಿಮ್ಮ ಮನೆತನದ ಚಾಳಿ ಎಂದು ಅವನೂ ಹೇಳಿದ.

ಎರಡನೆಯ ರಾತ್ರಿಯಿಂದ ಅವಳು ಆಮೆನ್ ಹೇಳುವುದನ್ನು ತಡೆದುಕೊಂಡಳು. ತನ್ನ ಪಾಲು ಮುಗಿಸಿ ಸುಮ್ಮನೆ ಕೂರುವಳು. ಅವನು ಒಬ್ಬನೇ ಆ ಸಾಲು ಹೇಳುವನು. ಆಮೇಲೆ ಇಬ್ಬರೂ ಒಟ್ಟಿಗೆ ಆಮೆನ್. ಹೀಗೆ ಮೂವತ್ತು ವರ್ಷಕ್ಕೂ ಮೇಲೆ ನಡೆಯಿತು. ಅವಳು ಅವನ ಸಾಲನ್ನು ಒಮ್ಮೆಯೂ ಹೇಳಲಿಲ್ಲ, ಅವನೂ ಹೇಳು ಅನ್ನಲಿಲ್ಲ.

\*

ಗುಂಡಿ ತೋಡುವ ಮುದುಕ ಬಾಗಿಲಲ್ಲಿ ಬಂದು ನಿಂತ. ಸೊಂಟದಲ್ಲಿ ಎರಡು ಬೀಗದ ಕೈ, ಒಂದು ಇವರ ಸ್ಮಶಾನದ್ದು, ಒಂದು ಅವರದ್ದು. ಎರಡೂ ಒಂದೇ ರಸ್ತೆಯಲ್ಲಿ ಎದುರುಬದುರಿಗಿದ್ದವು. ಇಬ್ಬರ ಸಂಬಳವನ್ನೂ ತಿನ್ನುವವನು ಅವನೊಬ್ಬನೇ ಆದ್ದರಿಂದ ಅವನಿಗೆ ಯಾರ ಮೇಲೂ ಕೋಪವಿರಲಿಲ್ಲ.

"ಸಂಜೆಯೊಳಗೆ ಆಗಬೇಕು ಅಂದ್ರೆ ಈಗಲೇ ಶುರು ಮಾಡಬೇಕು," ಎಂದ. "ಯಾವ ಕಡೆ ಅಗೀಲಿ?"

ಆ ಕಡೆ ಎಂದಳು ಟೀಚರಕ್ಕ. ಈ ಕಡೆ ಎಂದ ಬೇಕರಿ ಅಣ್ಣ. ಮುದುಕ ಮೆಟ್ಟಿಲ ಮೇಲೆ ಕೂತು ಕೊಟ್ಟ ಚಹಾ ಕುಡಿಯತೊಡಗಿದ.

ಬೇಕರಿ ಅಣ್ಣ ಬಾಯಿಗೆ ಬಂದದ್ದು ಹೇಳುತ್ತಿರಲಿಲ್ಲ, ತಾನು ಹೇಳಿದ್ದನ್ನು ನಂಬಿಯೇ ಹೇಳುತ್ತಿದ್ದ. ಮೊನ್ನೆ ಆಸ್ಪತ್ರೆಗೆ ಫ್ಲಾಸ್ಕಿನಲ್ಲಿ ಕಾಫಿ ತಂದಾಗ ಭಾವನ ಹಾಸಿಗೆಯ ಪಕ್ಕ ಒಬ್ಬ ಫಾದರ್ ಕೈಯೆತ್ತಿ ಪ್ರಾರ್ಥನೆ ಮಾಡುತ್ತಿದ್ದದ್ದನ್ನು ಅವನು ಬಾಗಿಲಿಂದ ಕಣ್ಣಾರೆ ಕಂಡಿದ್ದ. ಅಂದರೆ ಕೊನೆಗಾಲದಲ್ಲಿ ಭಾವ ತಮ್ಮ ಕಡೆ ಬಂದ, ಸಾಯುವವರಿಗೆ ಫಾದರ್ ಹಚ್ಚುವ ಎಣ್ಣೆಯನ್ನು ಹಣೆಗೆ ಹಚ್ಚಿಸಿಕೊಂಡ, ಇದರಲ್ಲಿ ಅನುಮಾನವೇನು? ಆ ಫಾದರ್ ಬೇರೆ ಊರಿನವರು, ಪಕ್ಕದ ರೋಗಿಯನ್ನು ನೋಡಲು ಬಂದವರು, ಎಲ್ಲಿಗೆ ಹೋದರೋ ತಿಳಿಯದು. ಚರ್ಚಿನ ಹೊಸ ಫಾದರ್ ಮಧ್ಯಾಹ್ನ ಬರುತ್ತೇನೆಂದಿದ್ದರು. ಹೆಂಡತಿ ಒಂದು ಮಾತು ಹೌದೆಂದರೆ ಸಾಕು, ನಮ್ಮ ನೆಲದಲ್ಲೇ ಇಡೋಣ ಎಂದೂ ಹೇಳಿದ್ದರು.

ಅವನು ತಂಗಿಯನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದ. ಅಮ್ಮನ ಸಮಾಧಿಯ ಪಕ್ಕ ಇಬ್ಬರಿಗಾಗುವಷ್ಟು ಜಾಗ ತಾನು ಹಿಂದೆಯೇ ಹೇಳಿಟ್ಟಿದ್ದೇನೆ ಎಂದ. ಈಗ ಭಾವನನ್ನು ಇಟ್ಟರೆ, ನಾಳೆ ದಿನ ಬಂದಾಗ ನಿನ್ನನ್ನೂ ಅಲ್ಲೇ ಅವನ ಮಗ್ಗುಲಲ್ಲೇ ಇಡಬಹುದು. ಆ ಕಡೆಗೆ ಹೋದನೋ, ಮುಗಿಯಿತು, ನೀನು ಸತ್ತರೆ ಅವರು ಗೇಟಿನೊಳಕ್ಕೂ ಬಿಡುವುದಿಲ್ಲ.

"ಅವನು ಒಬ್ಬನೇ ಅಲ್ಲಿ, ನೀನು ಒಬ್ಬಳೇ ಇಲ್ಲಿ. ಬೇಕಾ ಅದು?" ಎಂದ.

ಅವಳು ಲೋಟ ತೊಳೆಯುತ್ತಿದ್ದಳು. ತೊಳೆದ ಲೋಟವನ್ನೇ ಮತ್ತೆ ತೊಳೆದಳು. ಬೇಡ ಎನ್ನುವುದನ್ನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ, ಅಣ್ಣನಿಗೆ ಅದು ಅವಳ ಬೆನ್ನಿನಲ್ಲೇ ಕಂಡಿತು. ಅವನ ಗೊರಕೆಯ ಪಕ್ಕದಲ್ಲಿ ಇಷ್ಟು ವರ್ಷ ಮಲಗಿದವಳು, ನಿನ್ನೆ ರಾತ್ರಿ ಹಾಸಿಗೆಯಲ್ಲಿ ಯಾವ ಕಡೆ ಹೊರಳಬೇಕೆಂದೇ ತಿಳಿಯದೆ ಕೂತೇ ಬೆಳಗು ಮಾಡಿದ್ದಳು.

ಅಣ್ಣ ಹೊರಗೆ ಹೋಗುತ್ತಲೇ ಟೀಚರಕ್ಕ ಒಳಗೆ ಬಂದಳು. ಅವಳಿಗೂ ಇದೇ ಅಡುಗೆಮನೆ ಬೇಕಿತ್ತು. ತಮ್ಮನ ಜಾಗ ಅಪ್ಪನ ಪಕ್ಕದಲ್ಲಿ, ಗೇಟಿನ ಹತ್ತಿರದ ಮೊದಲನೇ ಸಾಲಿನಲ್ಲಿ ಎಂದಳು. ಅವನು ಸಾಯುವಾಗ ಮನಸ್ಸು ಬದಲಾಯಿಸುವವನಲ್ಲ, ಅಷ್ಟು ಮಾತ್ರ ತನಗೆ ಗೊತ್ತು. ನಿನಗೆ ಅವನ ಪಕ್ಕ ಇರುವ ಆಸೆಯಿದ್ದರೆ ಅದಕ್ಕೂ ದಾರಿಯಿದೆ. ಮುಂದಿನ ಭಾನುವಾರ ನಮ್ಮ ಸಭೆಗೆ ಬಂದು ಸೇರಿಕೋ, ನಾನೇ ನಿನ್ನ ಹೆಸರು ಕೊಡಿಸುತ್ತೇನೆ, ಯಾರೂ ಕೆಮ್ಮದ ಹಾಗೆ ನೋಡಿಕೊಳ್ಳುತ್ತೇನೆ.

ಅವಳು ಆಗದೆಂದು ತಲೆಯಾಡಿಸಿದಳು. ಎಡಗೋಡೆಯ ಮಾತೆಯನ್ನು ಬಿಟ್ಟು ಅವಳಿಗೆ ಹೋಗಲು ಸಾಧ್ಯವಿರಲಿಲ್ಲ. ಮಗಳಿಗೆ ಜ್ವರ ಬಂದ ರಾತ್ರಿಗಳಲ್ಲಿ, ಅಂಗಡಿಗೆ ನೀರು ನುಗ್ಗಿದ ವರ್ಷದಲ್ಲಿ ಅವಳು ಅತ್ತದ್ದು ಆ ಗೋಡೆಯ ಮುಂದೆ. ಇದನ್ನು ಟೀಚರಕ್ಕನಿಗೆ ಹೇಳಿದರೆ ಪಾಠ ಶುರುವಾಗುತ್ತದೆಂದು ಬಾಯಿ ಮುಚ್ಚಿಕೊಂಡಳು.

ಮಗಳು ಬೇರೊಂದು ಉಪಾಯ ಹೇಳಿ ನೋಡಿದಳು. ಎರಡೂ ಬೇಡ, ಊರಾಚೆ ವಿದ್ಯುತ್ ಚಿತಾಗಾರ ಇದೆಯಲ್ಲ ಎಂದಳು. ಟೀಚರಕ್ಕ ಮತ್ತು ಬೇಕರಿ ಅಣ್ಣ ಇಬ್ಬರೂ ಒಂದೇ ಉಸಿರಿಗೆ ಛೀ ಎಂದರು. ಹುಟ್ಟಾ ಜಗಳಗಂಟರು ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು. ಅದಕ್ಕೂ ಮಿಗಿಲಾಗಿ ಫ್ರೇಮ್ ಮಾವನಿಗೆ ಬೆಂಕಿಯೆಂದರೆ ಆಗುತ್ತಿರಲಿಲ್ಲ, ಮರದ ಹೊಟ್ಟು ತುಂಬಿದ ಅಂಗಡಿಯಲ್ಲಿ ಜನ್ಮವೆಲ್ಲ ಹೆದರಿಕೊಂಡೇ ಕಳೆದಿದ್ದ.

ಮಗಳು ಅಮ್ಮನ ಕೈಯಿಂದ ಲೋಟ ಕಿತ್ತಿಟ್ಟಳು. "ಅವರದ್ದೆಲ್ಲ ಇರಲಿ ಅಮ್ಮ. ಅವತ್ತು ಆಸ್ಪತ್ರೇಲಿ ಏನಾಯ್ತು?"

ಅವಳು ಮಗಳಿಗೂ ಹೇಳಲಿಲ್ಲ.

\*

ಆಸ್ಪತ್ರೆಯಲ್ಲಿ ಆದದ್ದು ಇಷ್ಟೇ. ಪಕ್ಕದ ಹಾಸಿಗೆಯ ಮುದುಕನಿಗೆ ಎಣ್ಣೆ ಹಚ್ಚಿ ಫಾದರ್ ಹೊರಟಿದ್ದರು. ವಯಸ್ಸಾದವರು, ಮೊಣಕಾಲು ನೋವು, ಹಾಸಿಗೆಯ ಕಂಬಿ ಹಿಡಿದು ಹಿಡಿದು ನಡೆಯುತ್ತಿದ್ದರು. ಅವಳು ಎದ್ದು ಅವರ ಮುಂದೆ ನಿಂತಳು. ಇವರಿಗೂ ಎಂದಳು. ಅಷ್ಟು ವರ್ಷ ಕೇಳದೆ ಇದ್ದದ್ದನ್ನು ಅವತ್ತು ಅವನನ್ನು ಬಿಟ್ಟು ಅವರನ್ನು ಕೇಳಿಬಿಟ್ಟಳು.

ಅವನು ನಿದ್ದೆ ಮಾಡುತ್ತಿದ್ದಾನೆ ಅಂದುಕೊಂಡಿದ್ದಳು. ಫಾದರ್ ಹತ್ತಿರ ಬಂದಾಗ ಕಣ್ಣು ಬಿಟ್ಟ. ಏನಪ್ಪಾ, ನಿನ್ನ ಇಷ್ಟವೇ ಎಂದು ಅವರು ಕೇಳಿದರು. ಅವನು ಮೊದಲು ಅವಳ ಕಡೆ ನೋಡಿದ. ಕೋಪವಿರಲಿಲ್ಲ, ಅದು ಇದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

"ಬೇಡ ಫಾದರ್. ನಾನು ಬಂದ ದಾರೀಲೇ ಹೋಗ್ತೀನಿ," ಎಂದ. "ಇವಳಿಗೊಂದು ಆಶೀರ್ವಾದ ಮಾಡಿ. ಎರಡು ದಿನದಿಂದ ನಿದ್ದೆ ಇಲ್ಲ ಇವಳಿಗೆ."

ಫಾದರ್ ಕೈಯೆತ್ತಿ ಅವಳನ್ನು ಆಶೀರ್ವದಿಸಿದರು. ಅಣ್ಣ ಫ್ಲಾಸ್ಕ್ ಹಿಡಿದು ಬಾಗಿಲಿಗೆ ಬಂದದ್ದು ಆಗಲೇ.

ಅವರೆಲ್ಲ ಹೋದ ಮೇಲೆ ಅವಳಿಗೆ ರೇಗಿತು. ಒಂದು ಹೂಂ ಅಂದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದು ಕೇಳಿದಳು. ಅವನು ಬಹಳ ಹೊತ್ತು ಉಸಿರು ಕೂಡಿಸಿಕೊಂಡ.

"ನನ್ನ ಜಾಗದಲ್ಲಿ ನೀನಿದ್ದಿದ್ರೆ, ಹೂಂ ಅಂತಿದ್ದೆಯಾ?"

ಅವಳು ಹೊದಿಕೆ ಸರಿಮಾಡಿದಳು. ಆ ರಾತ್ರಿಯೂ ಪ್ರಾರ್ಥನೆ ಹೇಳಿದರು. ಅವಳ ಪಾಲು ಬೇಗ ಮುಗಿಯಿತು. ಅವನ ಸಾಲು ತುಂಡುತುಂಡಾಗಿ ಬಂತು, ರಾಜ್ಯಕ್ಕೂ ಬಲಕ್ಕೂ ನಡುವೆ ನರ್ಸ್ ಬಂದು ಬಾಟಲಿ ಬದಲಾಯಿಸಿ ಹೋದಳು. ಅವಳು ಆಮೆನ್ ಹಿಡಿದುಕೊಂಡು ಕಾದಳು.

\*

ಹೊಸ ಫಾದರ್ ಬಂದಾಗ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಗಳು ಅಷ್ಟರಲ್ಲಿ ಎಲ್ಲ ಚೌಕಟ್ಟುಗಳನ್ನೂ ಮತ್ತೆ ಮುಖ ಮಾಡಿ ತಿರುಗಿಸಿದ್ದಳು. ಫಾದರ್ ಚಿಕ್ಕ ವಯಸ್ಸಿನವರು, ಊರಿಗೆ ಬಂದು ವರ್ಷವೂ ಆಗಿರಲಿಲ್ಲ, ಇಷ್ಟು ಮುಖಗಳಲ್ಲಿ ಯಾರು ತಮ್ಮವರು ಯಾರು ಅಲ್ಲ ಎಂದು ಅವರಿಗೆ ಸರಿಯಾಗಿ ಗೊತ್ತಿರಲಿಲ್ಲ. ಪೆಟ್ಟಿಗೆಯ ಬಳಿ ಒಂದು ಗಳಿಗೆ ನಿಂತು, ಹೆಂಡತಿಯ ಎದುರು ಬಂದರು.

"ಅಮ್ಮ, ಒಂದೇ ಮಾತು ಕೇಳ್ತೀನಿ. ಅವತ್ತು ಅವರು ಒಪ್ಪಿಕೊಂಡ್ರಾ?"

ಟೀಚರಕ್ಕ ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದಳು. ಬೇಕರಿ ಅಣ್ಣ ತಂಗಿಯನ್ನೇ ನೋಡುತ್ತಿದ್ದ. ಅವಳಿಗೆ ಅಮ್ಮನ ಸಮಾಧಿಯ ಪಕ್ಕದ ಹುಲ್ಲು ಕಣ್ಣಮುಂದೆ ಬಂತು, ಇಬ್ಬರಿಗಾಗುವಷ್ಟು ಅಗಲ.

"ಹೌದು," ಎಂದಳು.

ಟೀಚರಕ್ಕ ಕೂಗಾಡಲಿಲ್ಲ. ಸುಳ್ಳು ಹೇಳುವ ಮಗುವನ್ನು ನೋಡುವ ಹಾಗೆ ಒಂದು ಸಲ ನೋಡಿದಳು. ಬೇಕರಿ ಅಣ್ಣ ನಿಟ್ಟುಸಿರು ಬಿಟ್ಟು ಮುದುಕನಿಗೆ ಕೈಸನ್ನೆ ಮಾಡಿದ. ಮುದುಕ ಲೋಟ ಕೆಳಗಿಟ್ಟು ಎದ್ದ. ಯಾರೋ ಮೇಣದಬತ್ತಿ ಹಚ್ಚಿದರು. ಅಣ್ಣನ ಮುಖದಲ್ಲಿ ಗೆಲುವಿನ ಸಂತೋಷಕ್ಕಿಂತ ತಂಗಿ ಒಬ್ಬಳೇ ಆಗಲಿಲ್ಲವಲ್ಲ ಎಂಬ ಸಮಾಧಾನವೇ ಹೆಚ್ಚಾಗಿತ್ತು. ಅದನ್ನು ನೋಡಿ ಅವಳಿಗೆ ಇನ್ನಷ್ಟು ಕಸಿವಿಸಿಯಾಯಿತು.

ಫಾದರ್ ಹೆಗಲಿಗೆ ಪಟ್ಟಿ ಹಾಕಿಕೊಂಡು ಪುಸ್ತಕ ತೆರೆದರು. ಏನೇನೋ ಓದಿದರು, ಅವಳಿಗೆ ಒಂದೂ ಕಿವಿಗೆ ಬೀಳಲಿಲ್ಲ. ಆಮೇಲೆ ಪರಲೋಕದ ತಂದೆಯ ಪ್ರಾರ್ಥನೆ ಶುರುವಾಯಿತು, ಎಲ್ಲರೂ ದನಿಗೂಡಿಸಿದರು. ಅವಳೂ ಹೇಳಿದಳು. ಈ ಒಂದು ಪ್ರಾರ್ಥನೆಗೆ ಅವಳು ಬುದ್ಧಿ ಓಡಿಸಬೇಕಾಗಿರಲಿಲ್ಲ, ನಾಲಗೆಗೇ ಗೊತ್ತಿತ್ತು. ಕೇಡಿನಿಂದ ಕಾಪಾಡು ಎಂಬಲ್ಲಿಗೆ ಬಂದು ಕೋಣೆಯ ಅರ್ಧ ಜನ ಆಮೆನ್ ಎಂದರು, ಇನ್ನರ್ಧ ಜನ ಫಾದರ್ ಎದುರು ತಮ್ಮ ಕೊನೆಯ ಸಾಲು ಎತ್ತಲು ಹಿಂಜರಿದು ಅಲ್ಲಿಗೇ ನಿಲ್ಲಿಸಿದರು.

ಅವಳು ಅನ್ನಲಿಲ್ಲ. ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದಳು.

ಫಾದರ್ ಹಾಳೆ ಮಗುಚಿದರು. ಅವಳ ಕಡೆ ನೋಡಿ, ಓದಲು ಹೊರಟವರು ತಡೆದರು. ಜನ ಮಿಸುಕಾಡಿದರು. ಅವಳಿಗೆ ತಾನು ಯಾತಕ್ಕೆ ಕಾಯುತ್ತಿದ್ದೇನೆ ಎಂಬುದು ಆಗ ಹೊಳೆಯಿತು. ಕಾದರೂ ಬರುವುದಿಲ್ಲ ಎಂಬುದೂ ಅದರ ಹಿಂದೆಯೇ ಹೊಳೆಯಿತು. ನಿನ್ನೆಯಿಂದ ಎಷ್ಟೋ ಜನ ಅವಳನ್ನು ಅಪ್ಪಿಕೊಂಡು ಅವನು ಹೋದ ಎಂದಿದ್ದರು. ಅವನು ಹೋದದ್ದು ಅವಳಿಗೆ ಗೊತ್ತಾದದ್ದು ಈಗ. ಪೆಟ್ಟಿಗೆಯ ಅಂಚು ಹಿಡಿದುಕೊಂಡಳು.

ಆ ಸಾಲನ್ನು ಅವಳು ಒಮ್ಮೆಯೂ ಹೇಳಿದವಳಲ್ಲ. ಹೇಳಿದಳು. ರಾಜ್ಯವೂ ಬಲವೂ ಮಹಿಮೆಯೂ ಎಂದೆಂದಿಗೂ ನಿನ್ನದೇ ಎಂದು, ಅವನು ನಿಲ್ಲಿಸುತ್ತಿದ್ದ ಕಡೆಯಲ್ಲೆಲ್ಲ ನಿಲ್ಲಿಸಿ, ಅವನು ಎಳೆಯುತ್ತಿದ್ದಲ್ಲಿ ಎಳೆದು, ಕೊನೆಯ ತನಕ. ಆಮೇಲೆ ಆಮೆನ್ ಎಂದಳು.

ಬಾಗಿಲ ಹತ್ತಿರ ಇನ್ನೊಂದು ಆಮೆನ್ ಕೇಳಿಸಿತು. ಟೀಚರಕ್ಕನದು, ಬಾಯಿತಪ್ಪಿ ಬಂದದ್ದು.

"ಫಾದರ್, ಅವರು ಬೇಡ ಅಂದಿದ್ರು," ಎಂದಳು ಹೆಂಡತಿ. "ನಾನೇ ಕರೆದದ್ದು. ಅವರು ಒಪ್ಪಲಿಲ್ಲ. ಅವರು ಹೇಗಿದ್ದರೋ ಹಾಗೇ ಹೋದರು."

ಬೇಕರಿ ಅಣ್ಣ, ನಾನು ಕಣ್ಣಾರೆ ನೋಡಿದ್ದೇನೆ ಎಂದ. ನೀನು ನೋಡಿದ್ದು ನನಗೆ ಮಾಡಿದ ಆಶೀರ್ವಾದ ಎಂದಳು. ಅವನ ಮುಖ ಕೆಂಪಗಾಯಿತು. ಪೆಟ್ಟಿಗೆಯ ಕಡೆ ನೋಡಿದ. ಹೊರಗೆ ಹೋಗುವಾಗ ತಂಗಿಯ ಪಕ್ಕ ಒಂದು ಗಳಿಗೆ ನಿಂತು, ನಿನ್ನ ಕೈಯಾರೆ ಕಳೆದುಕೊಂಡೆ ಎಂದ, ಅವಳಿಗಷ್ಟೇ ಕೇಳುವ ಹಾಗೆ.

ಫಾದರ್ ಪುಸ್ತಕ ಮುಚ್ಚಿ, ಪಟ್ಟಿ ತೆಗೆದು ಮಡಚಿ ಜೇಬಿಗೆ ಹಾಕಿಕೊಂಡರು. ನಿಮ್ಮ ಸಭಾಪಾಲಕರನ್ನು ಕರೆಸಿ, ನಾನು ಹಿಂದಿನಿಂದ ಬರುತ್ತೇನೆ, ಬೇಡ ಅನ್ನಬೇಡಿ ಎಂದು ಟೀಚರಕ್ಕನಿಗೆ ಹೇಳಿದರು. ಮುದುಕ ಮತ್ತೆ ಬಾಗಿಲಿಗೆ ಬಂದು ಇಣುಕಿ, ಹಾಗಾದರೆ ಆ ಕಡೆಯಾ ಎಂದು ಕೇಳಿದ. ಈ ಸಲ ಉತ್ತರ ಒಂದೇ ಬಂತು.

\*

ರಸ್ತೆಯ ಒಂದು ಬದಿಗೆ ಅವನ ಸಭೆಯವರ ಗೇಟು, ಇನ್ನೊಂದು ಬದಿಗೆ ಅವಳ ಚರ್ಚಿನವರ ಗೇಟು. ನಡುವೆ ಲಾರಿಗಳು ಓಡಾಡುತ್ತಿದ್ದವು. ಪೆಟ್ಟಿಗೆ ಅವನ ಕಡೆಯ ಗೇಟಿನೊಳಗೆ ಹೋಯಿತು. ಬೇಕರಿ ಅಣ್ಣ ಬೆಳಗಿನಿಂದ ನೀರೂ ಕುಡಿಯದೆ ಮೆರವಣಿಗೆಯ ಕೊನೆಯಲ್ಲಿ ನಡೆದುಬಂದಿದ್ದ. ಆದರೆ ಆ ಗೇಟು ದಾಟಲಿಲ್ಲ. ರಸ್ತೆ ದಾಟಿ ತಮ್ಮ ಗೇಟಿಗೆ ಬೆನ್ನು ಕೊಟ್ಟು, ಎದುರಿನಿಂದ ನೋಡುತ್ತ ನಿಂತ.

ಸಭಾಪಾಲಕರು ಓದಿ, ಪ್ರಾರ್ಥಿಸಿ ಮುಗಿಸಿದರು. ಗುಂಡಿ ಟೀಚರಕ್ಕನ ಅಪ್ಪನ ಪಕ್ಕದಲ್ಲಿತ್ತು. ಹಗ್ಗ ಹಾಕಿ ಪೆಟ್ಟಿಗೆ ಎತ್ತುವಾಗ ಹೆಂಡತಿ ಮುದುಕನನ್ನು ಕೇಳಿದಳು, ತಲೆ ಯಾವ ಕಡೆಗೆ ಬರುತ್ತದೆ ಎಂದು.

"ರಸ್ತೆ ಕಡೆ ತಲೆ, ಒಳಗಡೆ ಕಾಲು," ಎಂದ ಮುದುಕ. "ಕಡೇ ದಿನ ಸತ್ತವರು ಪೂರ್ವಕ್ಕೆ ಮುಖ ಮಾಡಿ ಏಳಬೇಕಲ್ಲ, ಎಲ್ಲರೂ ಹಾಗೇ."

"ನಮ್ಮ ಕಡೆ?"

"ಅಲ್ಲೂ ಪೂರ್ವಕ್ಕೇ. ಆದರೆ ಅಲ್ಲಿ ಪೂರ್ವ ಅಂದ್ರೆ ರಸ್ತೆ. ನಿಮ್ಮವರೆಲ್ಲ ಎದ್ದರೆ ಈ ಕಡೆಗೇ ನೋಡೋದು."

ಅವಳು ರಸ್ತೆಯ ಆಚೆಯ ಗೇಟನ್ನು ನೋಡಿದಳು. ಪೆಟ್ಟಿಗೆಯನ್ನು ನೋಡಿದಳು.

"ಇವರನ್ನ ತಿರುಗಿಸಿ ಹಾಕಿ," ಎಂದಳು.

ಸಭೆಯ ಹಿರಿಯರೊಬ್ಬರು ಮುಂದೆ ಬಂದು, ಅದು ಹೇಗಾಗುತ್ತದೆ ಎಂದರು. ಆ ದಿನ ಎಲ್ಲರೂ ಒಂದು ಕಡೆ ಮುಖ ಮಾಡಿ ಏಳುವಾಗ ಇವನೊಬ್ಬ ಬೆನ್ನು ತಿರುಗಿಸಿ ಏಳುವುದೇ? ಅದೂ ಅಪ್ಪನ ತಲೆಯ ಪಕ್ಕ ಮಗನ ಕಾಲು? ಹಗ್ಗ ಹಿಡಿದವರು ಭಾರ ತಾಳಲಾರದೆ ಆ ಕಡೆ 'ಬೇಗ ಹೇಳಿ' ಎನ್ನುತ್ತಿದ್ದರು. ಎಲ್ಲರೂ ಟೀಚರಕ್ಕನ ಕಡೆ ನೋಡಿದರು. ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. ಬೆಳಗಿನಿಂದ ಅವಳು ಅತ್ತಿರಲಿಲ್ಲ.

"ಜೀವ ಇದ್ದಾಗಲೂ ಅಪ್ಪ ಹೇಳಿದ ಕಡೆ ತಿರುಗಿದವನಲ್ಲ ಅವನು," ಎಂದಳು. "ಅವಳು ಹೇಳಿದ ಹಾಗೆ ಮಾಡಿ."

ಪೆಟ್ಟಿಗೆಯನ್ನು ಇನ್ನೊಂದು ಸಲ ತಿರುಗಿಸಿದರು. ಈ ಸಲ ಯಾರೂ ನಿಧಾನ ಎನ್ನಲಿಲ್ಲ, ಅದು ಎಲ್ಲಿಗೂ ತಗುಲಲಿಲ್ಲ.

ಮಣ್ಣು ಮುಚ್ಚಿ ಜನ ಚದುರತೊಡಗಿದರು. ಅವಳು ಮಗಳ ಕೈ ಬಿಡಿಸಿಕೊಂಡು ಮುದುಕನನ್ನು ಕರೆದುಕೊಂಡು ರಸ್ತೆ ದಾಟಿದಳು. ಮುದುಕ ಇನ್ನೊಂದು ಬೀಗದ ಕೈ ಹುಡುಕಿ ಅವಳ ಕಡೆಯ ಗೇಟು ತೆಗೆದ. ಅಣ್ಣನಿಗೆ ಅವಳು ಅಮ್ಮನ ಸಮಾಧಿಗೆ ಹೊರಟಿದ್ದಾಳೆ ಅನ್ನಿಸಿರಬೇಕು, ದಾರಿ ತೋರಿಸುವಂತೆ ಒಳಗಡೆ ಎರಡು ಹೆಜ್ಜೆ ಇಟ್ಟ. ಅವಳು ಅತ್ತ ಹೋಗಲಿಲ್ಲ. ಗೇಟಿನ ಒಳಬದಿಗೇ, ಲಾರಿಯ ಧೂಳು ಬೀಳುತ್ತದೆಂದು ಯಾರೂ ಕೇಳದೆ ಬಿಟ್ಟಿದ್ದ ಮೊದಲನೇ ಸಾಲಿನಲ್ಲಿ ನಿಂತಳು. ಒಂದು ಹೆಜ್ಜೆ ಎಡಕ್ಕೆ ಸರಿದಳು, ಮತ್ತೆ ಅರ್ಧ ಹೆಜ್ಜೆ ಬಲಕ್ಕೆ. ಚಪ್ಪಲಿಯ ತುದಿಯಿಂದ ನೆಲದಲ್ಲಿ ಒಂದು ಗೆರೆ ಎಳೆದಳು.

"ಅಣ್ಣ, ನನಗೆ ಇಲ್ಲಿ," ಎಂದಳು.

ಅಣ್ಣ ಗೇಟಿನ ನಡುವೆ ನಿಂತು ಅವಳನ್ನು ನೋಡಿದ, ಅವಳ ಕಣ್ಣು ಹೋದ ಕಡೆಗೆ ತಿರುಗಿ ನೋಡಿದ. ರಸ್ತೆಯ ಆಚೆ, ತೆರೆದ ಗೇಟಿನೊಳಗೆ, ಹಸಿ ಮಣ್ಣಿನ ದಿಬ್ಬ ಕಾಣುತ್ತಿತ್ತು. ಒಂದು ಲಾರಿ ಹೋಯಿತು, ಮತ್ತೆ ಕಂಡಿತು. ಅವನು ತೋಳಿನ ಹಿಟ್ಟು ಕೊಡವಿಕೊಂಡ. ಆಮೇಲೆ ತಾನು ಅಡ್ಡ ನಿಂತಿರುವುದು ಅರಿವಾಗಿ, ಗೇಟಿನ ಪಕ್ಕಕ್ಕೆ ಸರಿದು ನಿಂತ.